ಉಣುಗಿನ ಗುಟ್ಟನ್ನು ಕಂಡುಹಿಡಿದ ಥಿಯೊಬಾಲ್ಡ್ ಸ್ಮಿತ್

ದನಕರುಗಳ ಮೈಯಿಂದ ಉಣುಗುಗಳನ್ನು ಕಿತ್ತೆಸೆಯುವದು ನಮ್ಮ ವಾಚಕರಿಗೆ ಹೊಸ ಕೆಲಸವಲ್ಲ. ಈ ಅಲ್ಪಜಂತುವು ರೋಗವನ್ನು ಹೊತ್ತು ತರುವದೆಂದು ಸ್ಥಾಪಿಸಿದವರು ಥಿಯೊಬಾಲ್ಡ್ ಸ್ಮಿತ್ ಎಂಬ ಪಂಡಿತರು. ಇವರು 1859ನೆಯ ಇಸವಿಯಲ್ಲಿ ಅಮೇರಿಕಾ ದೇಶದ ಆಲ್ಬನಿ ಪಟ್ಟಣದಲ್ಲಿ, ಜರ್ಮನಿಯಿಂದ ಬಂದು ನೆಲೆಸಿದ ತಂದೆತಾಯಿಗಳಿಗೆ ಹುಟ್ಟಿದರು. ಮನುಷ್ಯರ ವೈದ್ಯವನ್ನು ಕಲಿತರೂ ಸರಕಾರದ ಪಶು ಇಲಾಖೆಯನ್ನು ಸೇರಿದರು.

ಆ ಕಾಲದಲ್ಲಿ ಅಲ್ಲಿಯ ದಕ್ಷಿಣ ಸೀಮೆಯ ದನಗಳನ್ನು ಉತ್ತರಕ್ಕೆ ಹೊಡೆದುಕೊಂಡು ಹೋದರೆ, ಅವು ತಾವು ಸೌಖ್ಯವಾಗಿಯೇ ಇರುತ್ತಿದ್ದವು. ಅವು ಮೇದ ಹುಲ್ಲುಗಾವಲಿಗೆ ಬಂದ ಉತ್ತರದ ದನಗಳಾದರೋ ಜ್ವರ ಹಿಡಿದು, ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ಉಣುಗೇ ಕಾರಣವೆಂದು ದನಗಾರರು ಹೇಳುತ್ತಿದ್ದರು. ವಿದ್ವಾಂಸರಲ್ಲಿ ಅನೇಕರು ಅದನ್ನು ನಂಬಲಿಲ್ಲ. ಸ್ಮಿತ್‌ರವರು ಆ ಮಾತನ್ನು ತಳ್ಳಿಬಿಡದೆ, 1889ರಿಂದ ಕಿಲ್ಬೋರ್ನ್ ಎಂಬ ಪಶುವೈದ್ಯರೊಡನೆ ಪರೀಕ್ಷೆಗೆ ತೊಡಗಿದರು. ದಕ್ಷಿಣದ ದನಗಳ ಮೈಯಿಂದ ಉಣುಗುಗಳನ್ನು ಒಂದೊಂದಾಗಿ ಕೈಯಿಂದಲೇ ಹೆಕ್ಕಿ ತೆಗೆಯಿಸಿ (ಎಂಥಾ ತಾಳ್ಮೆ!) ಉತ್ತರದ ದನಗಳೊಡನೆ ಕೂಡಿಸಿದಾಗ ಇವುಗಳಿಗೆ ರೋಗ ತಾಗಲಿಲ್ಲ. ದಕ್ಷಿಣದ ದನವೊಂದೂ ಇಲ್ಲದ ಹೊಲದಲ್ಲಿ ಬರೀ ಉಣುಗುಗಳನ್ನು ಚೆಲ್ಲಿದಾಗ ಅಲ್ಲಿಯ ದನಗಳು ಕಾಯಿಲೆ ಬಿದ್ದವು. ಗಾಜಿನ ಪಾತ್ರೆಯಲ್ಲಿ ಮೊಟ್ಟೆಯೊಡೆದು ಬಂದ ಎಳೆಯ ಉಣುಗುಗಳು ಸಹ ರೋಗವನ್ನು ತಗಲಿಸಿದವು. ರಕ್ತಕಣಗಳೊಳಗೆ ಅಡಗಿದ್ದ ರೋಗಾಣುವನ್ನೂ ಅವರು ಕಂಡು, 1893ರಲ್ಲಿ ಎಲ್ಲವನ್ನೂ ಪ್ರಕಟಿಸಿದರು.

ದನಗಳನ್ನು ಔಷಧದ ನೀರಿನಲ್ಲಿ ಮುಳುಗಿಸಿ ಉಣುಗುಗಳನ್ನು ಕೊಲ್ಲುವ ಕೆಲಸವು 1906ರಲ್ಲಿ ಆ ದೇಶದಲ್ಲಿ ಆರಂಭವಾಯಿತು. ಸ್ಮಿತ್‌ರವರು 1934ರಲ್ಲಿ ತೀರಿಕೊಂಡರು. 1943ರ ಹೊತ್ತಿಗೆ ಆ ರೋಗವು ಅಲ್ಲಿಂದ ಬಹುಮಟ್ಟಿಗೆ ತೊಲಗಿತ್ತು.