ಸಾರ್ವಜನಿಕ ಧನದ ಧರ್ಮದರ್ಶಿ: ಗೋಪಾಲಕೃಷ್ಣ ಗೋಖಲೆ

ಭಾರತದ ಶಾಸನಸಭೆಗಳಲ್ಲಿ ತೆರಿಗೆದಾರನ ಪರವಾಗಿ ನಿಂತು ಸರ್ಕಾರದ ಲೆಕ್ಕವನ್ನು ಕೇಳಿದವರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಅಗ್ರಗಣ್ಯರು. ಅವರು 1866ರ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋಟ್ಳುಕ್ ಗ್ರಾಮದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡುದರಿಂದ ಸಂಸಾರದ ಭಾರ ಅಣ್ಣ ಗೋವಿಂದರಾಯರ ಮೇಲೆ ಬಿದ್ದಿತು. ಹದಿನೈದು ರೂಪಾಯಿಗಳ ಸಂಬಳದಲ್ಲಿ ಎಂಟು ರೂಪಾಯಿಗಳನ್ನು ಅವರು ತಮ್ಮನ ವಿದ್ಯಾಭ್ಯಾಸಕ್ಕೆ ಕಳುಹಿಸುತ್ತಿದ್ದರು. ಒಂದೊಂದು ರೂಪಾಯಿಯ ಹಿಂದೆಯೂ ಒಬ್ಬರ ದುಡಿಮೆಯಿದೆ ಎಂಬ ಅರಿವು ಗೋಖಲೆಯವರಿಗೆ ಬಂದುದು ಅರ್ಥಶಾಸ್ತ್ರದ ಗ್ರಂಥಗಳಿಂದ ಮಾತ್ರವಲ್ಲ.

1884ರಲ್ಲಿ ಪದವೀಧರರಾದ ಗೋಖಲೆಯವರು ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯನ್ನು ಸೇರಿ, ಅದರ ಆಜೀವ ಸದಸ್ಯರಾಗಿ ಫರ್ಗ್ಯೂಸನ್ ಕಾಲೇಜಿನಲ್ಲಿ ಎಪ್ಪತ್ತೈದು ರೂಪಾಯಿಗಳ ವೇತನಕ್ಕೆ ಬೋಧಿಸಿದರು. ಆಯವ್ಯಯದ ಅಂಕಿಗಳನ್ನು ಪರಿಶೀಲಿಸಿ ಅವುಗಳ ಅರ್ಥವನ್ನು ಹೊರತೆಗೆಯುವ ಶಿಕ್ಷಣವು ಅವರಿಗೆ ಗುರು ಮಹಾದೇವ ಗೋವಿಂದ ರಾನಡೆಯವರಿಂದ ದೊರೆಯಿತು.

ಈ ಶಿಕ್ಷಣದ ಫಲ 1897ರಲ್ಲಿ ಪ್ರಕಟವಾಯಿತು. ಭಾರತದ ಖರ್ಚುವೆಚ್ಚಗಳ ವಿಚಾರಣೆಗಾಗಿ ನೇಮಕವಾಗಿದ್ದ ವೆಲ್ಬಿ ಆಯೋಗದ ಮುಂದೆ ಅವರು ಲಂಡನ್ನಿನಲ್ಲಿ ಸಾಕ್ಷ್ಯ ನುಡಿದರು. ಅವರು ಆಕ್ಷೇಪಿಸಿದ ವೆಚ್ಚಗಳಲ್ಲಿ ವಿನಿಮಯ ಪರಿಹಾರ ಭತ್ಯೆಯೂ ಒಂದು. ರೂಪಾಯಿಯ ಬೆಲೆ ಇಳಿದು, ಯೂರೋಪಿಯನ್ ಅಧಿಕಾರಿಗಳು ಸ್ವದೇಶಕ್ಕೆ ಕಳುಹಿಸುವ ಹಣ ಪೌಂಡಿನ ಲೆಕ್ಕದಲ್ಲಿ ಕಡಿಮೆಯಾದಾಗ, ಆ ನಷ್ಟವನ್ನು ತುಂಬಿಕೊಡಲು 1893ರಲ್ಲಿ ಸರ್ಕಾರವು ಈ ಭತ್ಯೆಯನ್ನು ಮಂಜೂರು ಮಾಡಿತು. ಮಂಜೂರು ಮಾಡಿದವರೂ ಫಲವುಂಡವರೂ ಒಂದೇ ಆಳುವ ವರ್ಗದವರು. ಹಣ ತೆತ್ತವರು ಭಾರತದ ರೈತರು. 1888ರಲ್ಲಿ ಮಣಕ್ಕೆ ಎರಡೂವರೆ ರೂಪಾಯಿಗಳಿಗೆ ಏರಿದ್ದ ಉಪ್ಪಿನ ತೆರಿಗೆ ಹಾಗೆಯೇ ಉಳಿದಿತ್ತು. ತೆರಿಗೆ ತೆರುವವನಿಗೆ ಮಾತಿನ ಅಧಿಕಾರವಿಲ್ಲದ ಕಡೆ ಅವನ ಹಿತವು ಮೊದಲು ಬಲಿಯಾಗುವುದೆಂಬುದೇ ಗೋಖಲೆಯವರ ವಾದದ ತಿರುಳು.

1899ರಲ್ಲಿ ಮುಂಬಯಿ ಶಾಸನಸಭೆಗೂ ಅನಂತರ ವೈಸರಾಯರ ಶಾಸನಸಭೆಗೂ ಅವರು ಆಯ್ಕೆಯಾದರು. ಅಲ್ಲಿ ಅಧಿಕಾರಿಗಳದೇ ಬಹುಮತ. ಆಯವ್ಯಯವನ್ನು ಚರ್ಚಿಸಬಹುದಾಗಿತ್ತೇ ಹೊರತು ಅದರ ಮೇಲೆ ಮತ ಹಾಕುವಂತಿರಲಿಲ್ಲ. ಆದರೂ 1902ರ ತಮ್ಮ ಪ್ರಥಮ ಆಯವ್ಯಯ ಭಾಷಣದಲ್ಲಿಯೇ ಅವರು, ಬೊಕ್ಕಸದಲ್ಲಿ ಮಿಗತೆಯಾದುದು ಪ್ರಜೆಗಳ ಸಮೃದ್ಧಿಯ ಲಕ್ಷಣವಲ್ಲ, ಅಗತ್ಯಕ್ಕಿಂತ ಹೆಚ್ಚು ತೆರಿಗೆ ವಸೂಲಾದುದರ ಲಕ್ಷಣವೆಂದು ಪ್ರತಿಪಾದಿಸಿದರು. ಉಪ್ಪಿನ ತೆರಿಗೆಯು 1903ರಲ್ಲಿ ಎರಡು ರೂಪಾಯಿಗಳಿಗೂ 1905ರಲ್ಲಿ ಒಂದೂವರೆಗೂ 1907ರಲ್ಲಿ ಒಂದಕ್ಕೂ ಇಳಿಯಿತು. ಈ ಇಳಿಕೆಗಾಗಿ ಎಡೆಬಿಡದೆ ಒತ್ತಾಯಿಸಿದವರಲ್ಲಿ ಗೋಖಲೆಯವರು ಪ್ರಮುಖರು.

ಅನ್ಯರಿಂದ ಕೇಳಿದ ಮಿತವ್ಯಯವನ್ನು ಅವರು ತಮಗೂ ತಮ್ಮವರಿಗೂ ವಿಧಿಸಿಕೊಂಡರು. 1905ರ ಜೂನ್ 12ರಂದು ಪುಣೆಯಲ್ಲಿ ಅವರು ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರು, ಸ್ವಂತಕ್ಕಾಗಿ ಹಣ ಗಳಿಸುವುದಿಲ್ಲವೆಂದೂ ಸಮಾಜವು ಕೊಡುವಷ್ಟರಲ್ಲಿಯೇ ಸಂಸಾರವನ್ನು ನಡೆಸುವೆವೆಂದೂ ಪ್ರತಿಜ್ಞೆ ಕೈಗೊಳ್ಳಬೇಕಾಗಿತ್ತು. ಗೋಖಲೆಯವರು ವೆಚ್ಚವನ್ನೇ ವಿರೋಧಿಸಿದವರಲ್ಲ. ಪ್ರಜೆಗಳ ಹಣ ಪ್ರಜೆಗಳ ಮಕ್ಕಳಿಗೆ ಸಲ್ಲಬೇಕೆಂದು 1911ರಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಮಂಡಿಸಿದರು. ಮರುವರ್ಷ ಅದು 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. 1914ರಲ್ಲಿ ಬಂದ ‘ಸರ್’ ಪದವಿಯನ್ನು ಅವರು ಸ್ವೀಕರಿಸಲಿಲ್ಲ. 1915ರ ಫೆಬ್ರವರಿ 19ರಂದು ಪುಣೆಯಲ್ಲಿ, ಐವತ್ತು ತುಂಬುವ ಮೊದಲೇ, ನಿಧನ ಹೊಂದಿದರು.

ಸ್ವತಂತ್ರ ಭಾರತದ ಸಂವಿಧಾನವು ಶಾಸನಸಭೆಗಳ ಸದಸ್ಯರ ವೇತನವನ್ನು ಗೊತ್ತುಪಡಿಸುವ ಅಧಿಕಾರವನ್ನು 106 ಮತ್ತು 195ನೆಯ ವಿಧಿಗಳಲ್ಲಿ ಆ ಸಭೆಗಳಿಗೇ ಕೊಟ್ಟಿದೆ. 2025ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ವಿಧಾನಮಂಡಲವು ಶಾಸಕರ ಮಾಸಿಕ ವೇತನವನ್ನು 40,000 ರೂಪಾಯಿಗಳಿಂದ 80,000 ರೂಪಾಯಿಗಳಿಗೆ ಏರಿಸುವ ಮಸೂದೆಯನ್ನು, ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕರಿಸಿತು. ಗೋಖಲೆಯವರ ಕಾಲದಲ್ಲಿ ಮತವಿಲ್ಲದಿದ್ದರೂ ಚರ್ಚೆಯಿತ್ತು. ಇಲ್ಲಿ ಮತವಿದ್ದೂ ಚರ್ಚೆ ನಡೆಯಲಿಲ್ಲ. ಗೋಖಲೆಯವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದುದು, ಇಂಥ ಲೆಕ್ಕವನ್ನು ಕೇಳಬಲ್ಲ ಪ್ರಜೆಗಳನ್ನು ಸಿದ್ಧಗೊಳಿಸುವುದಕ್ಕಾಗಿ.