ಸೋಂಧಿ ತೆರೆದಿಟ್ಟ ಬಾಗಿಲು

ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದ ಕಡೆಯವರಿಗೆ ಅಶೋಕನ ಶಾಸನವೆಂಬುದು ಪಠ್ಯಪುಸ್ತಕದ ದೂರದ ಸಂಗತಿಯಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ನೆಲೆಗಳೂ ಅದೇ ತಾಲ್ಲೂಕಿನಲ್ಲಿವೆ. ಶೇಂಗಾ ಹೊಲಗಳ ನಡುವಿನ ಆ ಬಂಡೆಗಳು, ಸೈನ್ಯಕ್ಕಿಂತ ಮಾತು ದೂರ ಹೋಗುತ್ತದೆಂದು ನಂಬಿದ ಅರಸನೊಬ್ಬನ ಕುರುಹುಗಳು. ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ಬರಹವೆಲ್ಲ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರನೆಂಬ ಒಂದು ಪದವನ್ನು ಆತ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಆ ದೂರದ ಸೀಮೆಯಿಂದ ಬಂದವನಿರಬೇಕೆಂದು ವಿದ್ವಾಂಸರ ಊಹೆ. ಅರಸನ ಹೆಸರು ಲೋಕಕ್ಕೆಲ್ಲ ಗೊತ್ತು. ಅವನ ಮಾತನ್ನು ಕಲ್ಲಿಗಿಳಿಸಿದವನ ಹೆಸರು ಮೂಲೆಯಲ್ಲಿ ಉಳಿದಿದೆ.

ಸ್ವತಂತ್ರ ಭಾರತದ ವಿದೇಶಾಂಗ ನೀತಿಯ ಕಥೆಯಲ್ಲಿ ಅಂಥದೇ ಸ್ಥಾನ ಪಡೆದವರು, ಅದೇ ವಾಯವ್ಯ ದಿಕ್ಕಿನ ಪಂಜಾಬಿನಿಂದ ಬಂದ ಗುರುದತ್ ಸೋಂಧಿ. ಏಷ್ಯಾದ ರಾಷ್ಟ್ರಗಳು ಒಂದೆಡೆ ಸೇರಬೇಕೆಂಬ ನೆಹರೂ ಅವರ ಹಂಬಲವನ್ನು ಎಲ್ಲರೂ ನೆನೆಯುತ್ತಾರೆ. ಆ ಹಂಬಲಕ್ಕೆ ಕ್ರೀಡಾಂಗಣದಲ್ಲಿ ರೂಪ ಕೊಟ್ಟವರನ್ನು ಕ್ರೀಡಾ ಇತಿಹಾಸದ ಆಸಕ್ತರಷ್ಟೇ ನೆನೆಯುತ್ತಾರೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಅಹಮದಾಬಾದಿಗೆ ದೊರೆತಿರುವ, 2036ರ ಒಲಿಂಪಿಕ್ಸ್‌ನ ಮೇಲೆ ದೇಶ ಕಣ್ಣಿಟ್ಟಿರುವ ಈ ಹೊತ್ತಿನಲ್ಲಿ ಅವರ ಬದುಕನ್ನು ಮತ್ತೊಮ್ಮೆ ಓದಿಕೊಳ್ಳುವುದು ಉಚಿತ.

ಸೋಂಧಿ ಹುಟ್ಟಿದ್ದು 1890ರಲ್ಲಿ. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗ ಮುಂದುವರಿಸಿ, ಮರಳಿ ಬಂದು ತಾವು ಓದಿದ ಕಾಲೇಜಿನಲ್ಲೇ ಅಧ್ಯಾಪಕರಾದರು. ಮುಂದೆ ಅದರ ಪ್ರಾಂಶುಪಾಲರೂ ಆದರು. ವೃತ್ತಿಯಿಂದ ಮೇಷ್ಟರು, ಮನಸ್ಸಿನಿಂದ ಕ್ರೀಡಾಳು. 1932ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದ ಅವರು ಬದುಕಿನ ಕೊನೆಯವರೆಗೂ ಆ ಸ್ಥಾನದಲ್ಲಿದ್ದರು. ಎರಡು ವರ್ಷಗಳ ನಂತರ, 1934ರಲ್ಲಿ, ದೆಹಲಿ ಮತ್ತು ಪಟಿಯಾಲಗಳಲ್ಲಿ ಪಶ್ಚಿಮ ಏಷ್ಯಾ ಕ್ರೀಡಾಕೂಟ ನಡೆಸಿದರು. ಬಂದದ್ದು ಭಾರತವೂ ಸೇರಿ ನಾಲ್ಕೇ ತಂಡಗಳು: ಅಫ್ಘಾನಿಸ್ತಾನ, ಸಿಲೋನ್, ಪ್ಯಾಲೆಸ್ಟೈನ್ ಉಳಿದ ಮೂರು. 1938ರಲ್ಲಿ ಪ್ಯಾಲೆಸ್ಟೈನಿನಲ್ಲಿ ನಡೆಯಬೇಕಿದ್ದ ಎರಡನೆಯ ಕೂಟ ನಡೆಯಲೇ ಇಲ್ಲ.

ಅದೇ 1934ರಲ್ಲಿ ಖಂಡದ ಇನ್ನೊಂದು ತುದಿಯಲ್ಲಿ ದೂರಪ್ರಾಚ್ಯ ಕ್ರೀಡಾಕೂಟವೂ ಮುರಿದುಬಿತ್ತು. 1913ರಿಂದ ಚೀನಾ, ಜಪಾನ್, ಫಿಲಿಪ್ಪೀನ್ಸ್‌ಗಳನ್ನು ಒಟ್ಟುಗೂಡಿಸಿದ್ದ ಕೂಟವದು. ತಾನು ಕಬಳಿಸಿದ ಮಂಚೂರಿಯಾದಲ್ಲಿ ಸ್ಥಾಪಿಸಿದ ಕೈಗೊಂಬೆ ರಾಜ್ಯಕ್ಕೂ ಪ್ರವೇಶ ಬೇಕೆಂದು ಜಪಾನ್ ಹಟ ಹಿಡಿಯಿತು, ಚೀನಾ ಒಪ್ಪಲಿಲ್ಲ. ಇಪ್ಪತ್ತು ವರ್ಷ ಬಾಳಿದ ಸಂಸ್ಥೆ, ಯಾರನ್ನು ಒಳಗೆ ಬಿಡಬೇಕೆಂಬ ಒಂದೇ ಪ್ರಶ್ನೆಗೆ ಬಲಿಯಾಯಿತು. ಸೋಂಧಿಯವರ ಬದುಕಿನಲ್ಲೂ ಮುಂದೆ ಇದೇ ಪ್ರಶ್ನೆ ಎದುರಾಗಲಿತ್ತು.

ದೇಶವಿಭಜನೆ ಲಾಹೋರನ್ನು ಅವರಿಂದ ಕಿತ್ತುಕೊಂಡಿತು. ಆದರೆ ಸ್ವಾತಂತ್ರ್ಯ ಅವರ ಹಳೆಯ ಕನಸಿಗೆ ಹೊಸ ನೆಲ ಕೊಟ್ಟಿತು. 1947ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಏಷ್ಯಾ ಸಂಬಂಧಗಳ ಸಮ್ಮೇಳನ ನಡೆದು, ಖಂಡದ ರಾಷ್ಟ್ರಗಳಲ್ಲಿ ಹೊಸ ಉತ್ಸಾಹ ಮೂಡಿತ್ತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಬಂದಿದ್ದ ಏಷ್ಯಾ ತಂಡಗಳ ಮುಖ್ಯಸ್ಥರ ಮುಂದೆ ಸೋಂಧಿ ತಮ್ಮ ಯೋಜನೆಯನ್ನಿಟ್ಟರು. 1949ರ ಫೆಬ್ರುವರಿಯಲ್ಲಿ ದೆಹಲಿಯ ಪಟಿಯಾಲ ಹೌಸ್‌ನಲ್ಲಿ ಏಷ್ಯಾ ಕ್ರೀಡಾ ಒಕ್ಕೂಟ ಸ್ಥಾಪನೆಯಾಯಿತು. ಸ್ಥಾಪಕ ಸದಸ್ಯರು ಐವರು: ಅಫ್ಘಾನಿಸ್ತಾನ, ಬರ್ಮಾ, ಭಾರತ, ಪಾಕಿಸ್ತಾನ, ಫಿಲಿಪ್ಪೀನ್ಸ್. ಕಾಶ್ಮೀರದಲ್ಲಿ ಮೊದಲ ಯುದ್ಧವಿರಾಮವಾಗಿ ಸುಮಾರು ಆರು ವಾರಗಳಷ್ಟೇ ಆಗಿದ್ದ ಆ ದಿನಗಳಲ್ಲಿ ಭಾರತ, ಪಾಕಿಸ್ತಾನಗಳೆರಡೂ ಒಂದೇ ಕಾಗದದಲ್ಲಿ ಸದಸ್ಯರಾಗಿ ಸೇರಿದ್ದು ಸಣ್ಣ ಸಂಗತಿಯೇನಲ್ಲ. ಪಟಿಯಾಲದ ಮಹಾರಾಜ ಯಾದವೀಂದ್ರ ಸಿಂಗ್ ಅಧ್ಯಕ್ಷರಾದರು. ಎಂದೆಂದಿಗೂ ಮುನ್ನಡೆ ಎಂಬರ್ಥದ ಧ್ಯೇಯವಾಕ್ಯವನ್ನು ಕೊಟ್ಟವರು ಸೋಂಧಿ.

ಸಿದ್ಧತೆ ತಡವಾಗಿ 1950ರ ಕೂಟ ಒಂದು ವರ್ಷ ಮುಂದೆ ಹೋಯಿತು. ಏರ್ಪಾಡಿನ ಭಾರವನ್ನು ಹೊತ್ತು ದಡ ಸೇರಿಸಿದವರು ಆಂಥನಿ ಡಿ ಮೆಲೊ. 1951ರ ಮಾರ್ಚ್ 4ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಮೊದಲ ಏಷ್ಯನ್ ಕ್ರೀಡಾಕೂಟವನ್ನು ಉದ್ಘಾಟಿಸಿದರು. 11 ದೇಶಗಳ 489 ಕ್ರೀಡಾಪಟುಗಳು ಎಂಟು ದಿನ ಸೆಣಸಿದರು. ಬೆಂಗಳೂರಿನ ಅಹ್ಮದ್ ಖಾನ್ ಇದ್ದ ನಮ್ಮ ಫುಟ್‌ಬಾಲ್ ತಂಡ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದದ್ದನ್ನು ಹಿರಿಯರು ಬಹುಕಾಲ ನೆನೆಯುತ್ತಿದ್ದರು.

ಆದರೆ ರಾಜತಾಂತ್ರಿಕತೆಯ ದೃಷ್ಟಿಯಿಂದ ಆ ಕೂಟದ ದೊಡ್ಡ ಸಂಗತಿ ಜಪಾನಿನ ಉಪಸ್ಥಿತಿ. ಯುದ್ಧದಲ್ಲಿ ಸೋತು ವಿದೇಶಿ ಸೈನ್ಯದ ಆಡಳಿತದಲ್ಲಿದ್ದ ಆ ದೇಶಕ್ಕೆ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪ್ರವೇಶವಿರಲಿಲ್ಲ. ಶಾಂತಿ ಒಪ್ಪಂದಕ್ಕೆ ಸಹಿಯೇ ಬಿದ್ದಿರಲಿಲ್ಲ. ಅಂಥ ಜಪಾನ್ ದೆಹಲಿಗೆ ಬಂದು 24 ಚಿನ್ನ ಗೆದ್ದು ಮೊದಲ ಸ್ಥಾನದಲ್ಲಿ ನಿಂತಿತು. 15 ಚಿನ್ನದ ಭಾರತ ಎರಡನೆಯದು. ಕೆಲವೇ ವರ್ಷಗಳ ಹಿಂದೆ ಜಪಾನೀ ಸೈನ್ಯದ ತುಳಿತ ಕಂಡಿದ್ದ ಫಿಲಿಪ್ಪೀನ್ಸ್, ಬರ್ಮಾ, ಇಂಡೊನೇಷ್ಯಾ, ಸಿಂಗಪುರಗಳ ತಂಡಗಳು ಅದೇ ಕಣದಲ್ಲಿದ್ದವು. ಮುಂದೆ ಭಾರತ ಸ್ಯಾನ್ ಫ್ರಾನ್ಸಿಸ್ಕೊ ಒಪ್ಪಂದದಿಂದ ದೂರವುಳಿದು, 1952ರ ಜೂನ್‌ನಲ್ಲಿ ಜಪಾನಿನೊಂದಿಗೆ ಪ್ರತ್ಯೇಕ ಶಾಂತಿ ಒಪ್ಪಂದ ಮಾಡಿಕೊಂಡಿತು. ಒಪ್ಪಂದದ ಕಾಗದಕ್ಕಿಂತ ಹದಿನೈದು ತಿಂಗಳು ಮೊದಲೇ ಸ್ನೇಹದ ಕೈ ಚಾಚಿದ್ದು ಕ್ರೀಡಾಂಗಣದಲ್ಲಿ. ಸ್ಥಾಪಕ ಸದಸ್ಯನಾಗಿದ್ದ ಪಾಕಿಸ್ತಾನ ದೆಹಲಿಗೆ ಬರಲಿಲ್ಲ. ಬಾಗಿಲು ಮಾತ್ರ ತೆರೆದೇ ಇತ್ತು; 1954ರ ಮನಿಲಾ ಕೂಟದಲ್ಲಿ ಅದು ಪಾಲ್ಗೊಂಡಿತು.

ಇಲ್ಲಿಯವರೆಗಿನದು ಯಶಸ್ಸಿನ ಕಥೆ. ಸೋಂಧಿಯವರ ನಿಜವಾದ ಪರೀಕ್ಷೆ ನಡೆದದ್ದು ಹನ್ನೊಂದು ವರ್ಷಗಳ ನಂತರ, ಜಕಾರ್ತದಲ್ಲಿ.

ಇಂಡೊನೇಷ್ಯಾದ ಸ್ವಾತಂತ್ರ್ಯಕ್ಕಾಗಿ 1949ರ ಜನವರಿಯಲ್ಲಿ ದೆಹಲಿಯಲ್ಲಿ ಸಮ್ಮೇಳನ ಕರೆದ ದೇಶ ಭಾರತ. 1950ರ ಮೊದಲ ಗಣರಾಜ್ಯೋತ್ಸವದ ಅತಿಥಿ ಸುಕಾರ್ನೊ. 1955ರಲ್ಲಿ ಬಾಂಡುಂಗ್‌ನಲ್ಲಿ ಎರಡೂ ದೇಶಗಳ ನಾಯಕರು ಜೊತೆಯಾಗಿ ನಿಂತಿದ್ದರು. 1962ರ ಆಗಸ್ಟ್‌ನಲ್ಲಿ, ಸೋವಿಯತ್ ಸಾಲದಿಂದ ಕಟ್ಟಿದ ಭವ್ಯ ಕ್ರೀಡಾಂಗಣದಲ್ಲಿ ನಾಲ್ಕನೆಯ ಏಷ್ಯಾಡ್ ನಡೆಸಲು ಸುಕಾರ್ನೊ ಮುಂದಾದಾಗ ಅದು ಎರಡೂ ದೇಶಗಳ ಹೆಮ್ಮೆಯಾಗಬೇಕಿತ್ತು. ಆದರೆ ಅರಬ್ ರಾಷ್ಟ್ರಗಳನ್ನೂ ಬೀಜಿಂಗನ್ನೂ ಮೆಚ್ಚಿಸಲು ಇಂಡೊನೇಷ್ಯಾ ಸರ್ಕಾರ ಇಸ್ರೇಲ್ ಮತ್ತು ತೈವಾನ್ ತಂಡಗಳ ಪ್ರವೇಶಕ್ಕೆ ತಡೆಯೊಡ್ಡಿತು. ಹಿಂದಿನ ಎರಡು ಕೂಟಗಳಲ್ಲಿ ಆಡಿದ್ದ ಸದಸ್ಯ ತಂಡಗಳಿವು.

ಸೋಂಧಿ ಅಲ್ಲಿದ್ದದ್ದು ಭಾರತ ಸರ್ಕಾರದ ಪ್ರತಿನಿಧಿಯಾಗಿ ಅಲ್ಲ, ಒಲಿಂಪಿಕ್ ಸಮಿತಿಯ ಸದಸ್ಯರಾಗಿ, ಒಕ್ಕೂಟ ಕಟ್ಟಿದ ಹಿರಿಯರಾಗಿ. ಸದಸ್ಯರನ್ನು ಹೊರಗಿಟ್ಟ ಕೂಟಕ್ಕೆ ಏಷ್ಯನ್ ಕ್ರೀಡಾಕೂಟವೆಂಬ ಹೆಸರು ಸಲ್ಲದೆಂದು ಅವರು ಪಟ್ಟು ಹಿಡಿದರು. ಗಮನಿಸಬೇಕಾದ ಅಂಶವೊಂದಿದೆ. ಭಾರತ ಮಾನ್ಯ ಮಾಡಿದ್ದು ಬೀಜಿಂಗ್ ಸರ್ಕಾರವನ್ನು, ತೈವಾನನ್ನಲ್ಲ. ಇಸ್ರೇಲನ್ನು 1950ರಲ್ಲಿ ಮಾನ್ಯ ಮಾಡಿದ್ದರೂ ಪೂರ್ಣ ರಾಜತಾಂತ್ರಿಕ ಸಂಬಂಧ ಏರ್ಪಟ್ಟದ್ದು 1992ರಲ್ಲಿ. ತಮ್ಮ ಸರ್ಕಾರವೇ ದೂರವಿಟ್ಟಿದ್ದ ಎರಡು ತಂಡಗಳ ಪರವಾಗಿ ಸೋಂಧಿ ವಾದಿಸಿದರು. ಅವರಿಗೆ ಮುಖ್ಯವಾದದ್ದು ತಂಡ ಯಾವುದೆಂಬುದಲ್ಲ, ನಿಯಮ.

ಅದರ ಬೆಲೆ ತೆತ್ತದ್ದು ಭಾರತ. ಸೆಪ್ಟೆಂಬರ್ 3ರಂದು ಉದ್ರಿಕ್ತ ಗುಂಪು ಜಕಾರ್ತದ ನಮ್ಮ ರಾಯಭಾರ ಕಚೇರಿಗೆ ನುಗ್ಗಿ ದಾಂಧಲೆ ನಡೆಸಿತು. ಆಗ ಅಲ್ಲಿ ರಾಯಭಾರಿಯಾಗಿದ್ದವರು ಔಂಧ್ ರಾಜಮನೆತನದ ಅಪ್ಪಾ ಪಂತ್. ಸೋಂಧಿ ನಗರ ಬಿಟ್ಟು ಹೊರಡಬೇಕಾಯಿತು. ಏಷ್ಯಾಡ್ ಎಂಬ ಕಲ್ಪನೆಯನ್ನು ಹೆತ್ತವರೇ ಏಷ್ಯಾಡ್‌ನಿಂದ ಪಾರಾಗಿ ಹೋದರು. ಮರುದಿನ ಫುಟ್‌ಬಾಲ್ ಫೈನಲ್‌ನಲ್ಲಿ ಇಡೀ ಕ್ರೀಡಾಂಗಣ ಭಾರತದ ವಿರುದ್ಧ ಕೂಗುತ್ತಿದ್ದಾಗ, ಪಾಕಿಸ್ತಾನದ ಹಾಕಿ ಆಟಗಾರರು ನಮ್ಮವರಿಗೆ ಬೆಂಬಲವಾಗಿ ದನಿಗೂಡಿಸಿದರೆಂದು ಆ ತಂಡದವರು ಮುಂದೆ ನೆನಪಿಸಿಕೊಂಡಿದ್ದಾರೆ. ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಯಾವ ಸಚಿವಾಲಯವೂ ಯೋಜಿಸದ ಸ್ನೇಹ ಅಲ್ಲಿ ಕ್ಷಣಕಾಲ ಕಂಡಿತು. ಸಚಿವಾಲಯಗಳು ಯೋಜಿಸಿದ್ದು ಕುಸಿದಿತ್ತು.

ಇಂಡೊನೇಷ್ಯಾಕ್ಕಾದ ಲಾಭವೇನು? 1963ರ ಫೆಬ್ರುವರಿಯಲ್ಲಿ ಒಲಿಂಪಿಕ್ ಸಮಿತಿ ಅದನ್ನು ಅಮಾನತಿನಲ್ಲಿಟ್ಟಿತು. ಸುಕಾರ್ನೊ ಅದೇ ವರ್ಷ ನವೆಂಬರ್‌ನಲ್ಲಿ ಪರ್ಯಾಯ ಕೂಟವನ್ನೇ ನಡೆಸಿದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇಂಡೊನೇಷ್ಯಾ ಆಡಲಿಲ್ಲ. ಭಾರತದೊಂದಿಗಿನ ಹಳೆಯ ಆತ್ಮೀಯತೆ ಕದಡಿತು. 1965ರ ಯುದ್ಧದಲ್ಲಿ ಅದರ ಒಲವು ಪಾಕಿಸ್ತಾನದ ಕಡೆಗಿತ್ತು. ಇದಕ್ಕೆಲ್ಲ ಕ್ರೀಡೆಯೊಂದೇ ಕಾರಣವೆನ್ನುವುದು ಅತಿಶಯೋಕ್ತಿ. ಬಿರುಕು ಎಲ್ಲರ ಕಣ್ಣಿಗೆ ಬಿದ್ದದ್ದು ಮಾತ್ರ ಕ್ರೀಡಾಂಗಣದಲ್ಲಿ.

ಸೋಂಧಿ ತಪ್ಪೇ ಮಾಡಲಿಲ್ಲವೆಂದೇನೂ ಅಲ್ಲ. ಕೂಟ ಆರಂಭವಾದ ಮೇಲೆ ಅದರ ಹೆಸರನ್ನು ಕಿತ್ತುಕೊಳ್ಳಹೊರಟದ್ದು, ಹೊಸದಾಗಿ ಸ್ವತಂತ್ರವಾದ ಜನತೆಯ ಅಭಿಮಾನಕ್ಕೆ ಎಷ್ಟು ಪೆಟ್ಟಾಗುತ್ತದೆಂಬುದನ್ನು ಅವರು ಅಂದಾಜು ಮಾಡಿರಲಿಲ್ಲ. ಆಡಳಿತದಲ್ಲಿ ದುಡಿದವರಿಗೆ ಗೊತ್ತು, ಸರಿಯಾದ ನಿರ್ಧಾರವನ್ನೂ ತಪ್ಪಾದ ಗಳಿಗೆಯಲ್ಲಿ ಪ್ರಕಟಿಸಿದರೆ ಅರ್ಧ ಸೋತಂತೆ. ಆದರೂ ಅವರ ವಾದದ ತಿರುಳನ್ನು ಕಾಲವೇ ಎತ್ತಿಹಿಡಿಯಿತು. 1966ರ ನವೆಂಬರ್‌ನಲ್ಲಿ ಸೋಂಧಿ ತೀರಿಕೊಂಡರು. ಮುಂದಿನ ತಿಂಗಳು ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯಾಡ್‌ನಲ್ಲಿ ಇಸ್ರೇಲ್, ತೈವಾನ್, ಇಂಡೊನೇಷ್ಯಾ ಮೂರೂ ಆಡಿದವು.

ಈ ಪಾಠವನ್ನು ನಾವೇ ಉಳಿಸಿಕೊಂಡೆವೇ? 1982ರಲ್ಲಿ ಏಷ್ಯಾಡ್ ಮತ್ತೆ ದೆಹಲಿಗೆ ಬಂದಾಗ ಇಸ್ರೇಲಿಗೂ ತೈವಾನಿಗೂ ಅಲ್ಲಿ ಜಾಗವಿರಲಿಲ್ಲ. ಅದೇ ಸಂದರ್ಭದಲ್ಲಿ ದೆಹಲಿಯಲ್ಲೇ ಸ್ಥಾಪನೆಯಾದ ಏಷ್ಯಾ ಒಲಿಂಪಿಕ್ ಮಂಡಳಿ ಇಸ್ರೇಲನ್ನು ಹೊರಗಿಟ್ಟೇ ರೂಪುಗೊಂಡಿತು. ಸೋಂಧಿ ಜಕಾರ್ತದಲ್ಲಿ ಯಾವುದನ್ನು ವಿರೋಧಿಸಿದರೋ ಅದನ್ನು ಇಪ್ಪತ್ತು ವರ್ಷಗಳ ನಂತರ ಅವರದೇ ದೇಶ ಸದ್ದಿಲ್ಲದೆ ಒಪ್ಪಿಕೊಂಡಿತು. 2019ರಲ್ಲಿ ಪುಲ್ವಾಮಾ ದಾಳಿಯ ಬೆನ್ನಿಗೇ ದೆಹಲಿಯ ವಿಶ್ವಕಪ್ ಶೂಟಿಂಗ್‌ಗೆ ಪಾಕಿಸ್ತಾನದ ಸ್ಪರ್ಧಿಗಳಿಗೆ ವೀಸಾ ದೊರೆಯಲಿಲ್ಲ. 40 ಯೋಧರನ್ನು ಕಳೆದುಕೊಂಡ ದೇಶದ ನೋವು ನಿಜವಾದದ್ದು. ಆದರೆ ಒಲಿಂಪಿಕ್ ಸಮಿತಿ ಭಾರತದೊಂದಿಗಿನ ಆತಿಥ್ಯದ ಮಾತುಕತೆಗಳನ್ನೆಲ್ಲ ತಡೆಹಿಡಿಯಿತು. ಎಲ್ಲ ಅರ್ಹ ಕ್ರೀಡಾಪಟುಗಳಿಗೂ ಪ್ರವೇಶ ನೀಡುವುದಾಗಿ ಸರ್ಕಾರ ಲಿಖಿತ ಭರವಸೆ ಕೊಟ್ಟ ಮೇಲೆ ಅದೇ ವರ್ಷದ ಜೂನ್‌ನಲ್ಲಿ ತಡೆ ತೆರವಾಯಿತು. 2023ರಲ್ಲಿ ಹಾಂಗ್‌ಝೌ ಏಷ್ಯಾಡ್‌ಗೆ ಅರುಣಾಚಲ ಪ್ರದೇಶದ ನಮ್ಮ ಮೂವರು ವುಶು ಕ್ರೀಡಾಪಟುಗಳು ಹೋಗದಂತೆ ಚೀನಾ ಮಾಡಿದಾಗ, ಬಾಗಿಲ ಹೊರಗೆ ನಿಲ್ಲುವ ಅವಮಾನ ಎಂಥದೆಂದು ನಮಗೂ ಅರಿವಾಯಿತು. ಅಂದು ಭಾರತ ಮಾಡಿದ ಪ್ರತಿಭಟನೆಯ ಆಧಾರ ಸೋಂಧಿಯವರ ನಿಯಮವೇ: ಸದಸ್ಯ ದೇಶದ ಕ್ರೀಡಾಪಟುವನ್ನು ಆತಿಥೇಯ ಆರಿಸಿ ತಡೆಯಕೂಡದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗನಿಸುವುದಿಷ್ಟು. ದೊಡ್ಡ ಕ್ರೀಡಾಕೂಟದ ಖರ್ಚಿಗೆ ಹೋಲಿಸಿದರೆ ಟಿಕೆಟ್ಟು, ಪ್ರವಾಸೋದ್ಯಮಗಳ ಆದಾಯ ಸಾಮಾನ್ಯವಾಗಿ ಸಾಲದು. ಆತಿಥೇಯ ದೇಶಕ್ಕೆ ಉಳಿಯಬಹುದಾದ ಆಸ್ತಿ, ಇತರರು ಅದರ ಮಾತಿನಲ್ಲಿಡುವ ವಿಶ್ವಾಸ. ಅದು ಕೂಡಿಬರುವುದು ನಿಧಾನ, ಖರ್ಚಾಗುವುದು ಒಂದೇ ದಿನದಲ್ಲಿ. ಜಕಾರ್ತದ ಕ್ರೀಡಾಂಗಣ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅಂದು ಕುಸಿದದ್ದು ಆತಿಥೇಯನ ಮಾತು. ಅಹಮದಾಬಾದಿನಲ್ಲಿ ಕ್ರೀಡಾಂಗಣ, ರಸ್ತೆ, ಮೆಟ್ರೊಗಳ ಕಡತಗಳು ಸಾಗುತ್ತವೆ; ಅದರಲ್ಲಿ ಸಂಶಯವಿಲ್ಲ. ಕಷ್ಟದ ಕಡತ ಆಹ್ವಾನಪಟ್ಟಿಯದು. ಕಾಮನ್‌ವೆಲ್ತ್‌ನಲ್ಲಿ ಪಾಕಿಸ್ತಾನವೂ ಇದೆ, ಬಾಂಗ್ಲಾದೇಶವೂ ಇದೆ, ಕೆನಡಾವೂ ಇದೆ. ಅಂದಿನ ರಾಜಕೀಯ ಹವೆ ಹೇಗೇ ಇರಲಿ, ಬರುವ ಪ್ರತಿಯೊಬ್ಬ ಕ್ರೀಡಾಪಟುವಿಗೂ ವೀಸಾ ಸಿಗುತ್ತದೆಂಬ ನಿರ್ಧಾರವನ್ನು ಈಗಲೇ, ಶಾಂತವಾಗಿರುವಾಗಲೇ ಮಾಡಿ ಪ್ರಕಟಿಸುವುದು ವಿವೇಕ. ಗದ್ದಲದ ನಡುವೆ ಅದನ್ನು ಮಾಡಲಾಗದೆಂಬುದಕ್ಕೆ 1962 ಸಾಕ್ಷಿ.

ಬ್ರಹ್ಮಗಿರಿಯ ಬಂಡೆಯಲ್ಲಿ ಅರಸನ ಆಜ್ಞೆ ಎರಡು ಸಾವಿರ ವರ್ಷಗಳಿಗೂ ಮೀರಿ ಉಳಿದಿದ್ದರೆ, ಚಪಡ ಅದನ್ನು ಅಳಿಯದಂತೆ ಕೊರೆದದ್ದರಿಂದ. ಏಷ್ಯಾಡ್‌ನ ನಿಯಮವನ್ನು ಬರೆದ ಸೋಂಧಿ ಅದನ್ನು ಅಷ್ಟೇ ಆಳವಾಗಿ ಕೊರೆಯಲು ಯತ್ನಿಸಿ, ಅದಕ್ಕಾಗಿ ನಿಂದನೆಯನ್ನೂ ಉಂಡರು. ಮುಂದಿನ ಕೂಟಕ್ಕೆ ನಾವು ಅತಿಥಿಗಳನ್ನು ಕರೆಯುವ ಮೊದಲು ಆ ಬರಹವನ್ನು ಒಮ್ಮೆ ಓದಿಕೊಳ್ಳಬೇಕು.