ಕಣ್ಣಾನೂರಿನ ಹಾವುಗಳನ್ನು ಎಣಿಸಿದ ಡಾಕ್ಟರು

ಮಳೆಗಾಲ ಹಿಡಿದೊಡನೆ ನಮ್ಮ ಕಡೆಯ ಮನೆಗಳಿಗೆ ಹೇಳದೆ ಬರುವ ನೆಂಟರಲ್ಲಿ ಹಾವೂ ಒಂದು. ಮುರಕಲ್ಲಿನ ಗೋಡೆಯ ಸಂದಿನಲ್ಲೋ, ಸೌದೆಯ ರಾಶಿಯಲ್ಲೋ, ಬಚ್ಚಲಿನ ಹಂಡೆಯ ಮಗ್ಗುಲಲ್ಲೋ ಪಟ್ಟೆಯ ಮೈ ಕಾಣಿಸಿತೆಂದರೆ ಮೊದಲು ಕೇಳಿಸುವುದು ಕಟ್ಟುಹಾವೆಂಬ ಕೂಗು, ಆಮೇಲೆ ದೊಣ್ಣೆಯ ಪೆಟ್ಟು. ನಾವು ಚಿಕ್ಕವರಿದ್ದಾಗ ಹೀಗೆ ಸತ್ತು ಅಂಗಳದಲ್ಲಿ ಬಿದ್ದಿದ್ದ ಒಂದು ಹಾವನ್ನು ಕಡ್ಡಿಯಿಂದ ಹೊರಳಿಸಿ ನೋಡಿದ ನೆನಪು ಇನ್ನೂ ಇದೆ. ಕಂದು ಮೈ, ತಲೆಯ ಬಳಿ ಅಗಲವಾದ ಬಿಳಿ ಪಟ್ಟೆಗಳು, ಬಾಲದ ಕಡೆಗೆ ಹೋದಂತೆ ಅವು ಮಾಸಿ ಇಲ್ಲವಾಗಿದ್ದವು. ನೆರೆದವರೆಲ್ಲ ಕಟ್ಟುಹಾವೆಂದೇ ನಿರ್ಣಯಿಸಿದರು, ನಾವೂ ನಂಬಿದೆವು. ಎಷ್ಟೋ ವರ್ಷಗಳ ಮೇಲೆ ಹಳೆಯದೊಂದು ಇಂಗ್ಲಿಷ್ ಪುಸ್ತಕ ಕೈಗೆ ಬಂದಾಗ, ಅಂದು ಸತ್ತದ್ದು ಪಲ್ಲಿಗಳನ್ನು ತಿಂದು ಬದುಕುವ ನಿರಪಾಯದ ತೋಳಹಾವೆಂದು ತಿಳಿಯಿತು. ಕಟ್ಟುಹಾವಿನ ಪಟ್ಟೆಗಳು ಇದಕ್ಕೆ ತಿರುಗಮುರುಗ: ಕತ್ತಿನ ಬಳಿ ಇಲ್ಲದಂತಿದ್ದು ಹಿಂದೆ ಹೋದಂತೆ ನಿಚ್ಚಳವಾಗುತ್ತವೆ.

ಆ ಪುಸ್ತಕವನ್ನು ಬರೆದವರು ಫ್ರಾಂಕ್ ವಾಲ್. ಹಾವಿನ ವಿಷಯ ಓದಿದವರಿಗೆಲ್ಲ ಪರಿಚಿತವಾದ ಈ ಹೆಸರಿಗೆ ನಮ್ಮ ಸೀಮೆಯ ಸಂಬಂಧವೂ ಉಂಟೆಂಬುದನ್ನು ಬಲ್ಲವರು ಇಲ್ಲಿ ಹೆಚ್ಚಿಲ್ಲವಾದ್ದರಿಂದ ಅವರ ಜೀವನದ ನಾಲ್ಕು ಸಂಗತಿಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ವಾಲ್ ಅವರು ಹುಟ್ಟಿದ್ದು 1868ರ ಏಪ್ರಿಲ್ 21ರಂದು, ಸಿಂಹಳದ ಬೆಟ್ಟದೂರಾದ ನುವರ ಎಲಿಯದಲ್ಲಿ. ತಂದೆ ಜಾರ್ಜ್ ವಾಲ್ ಅವರದು ಕಾಫಿಯ ವ್ಯವಹಾರ. ದ್ವೀಪದ ರಾಜಕೀಯದಲ್ಲೂ ಹೆಸರು ಮಾಡಿದವರು. ಆದರೆ ಮನಸ್ಸಿದ್ದದ್ದು ಜರಿಗಿಡಗಳ ಮೇಲೆ. ಹೊಟ್ಟೆಪಾಡಿಗೆ ಒಂದು ಕಸಬು, ಮನಸ್ಸಿಗೆ ಇನ್ನೊಂದು ಎಂಬ ರೀತಿ ಮಗನಿಗೆ ಮನೆಯಿಂದಲೇ ಬಂದಿತೆನ್ನಬೇಕು. ಲಂಡನಿನಲ್ಲಿ ವೈದ್ಯ ಕಲಿತು 1893ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸಿಗೆ ಸೇರಿದ ವಾಲ್, 1925ರ ತನಕ, ಎಂದರೆ 32 ವರ್ಷ, ಅದರಲ್ಲೇ ಇದ್ದು ಕರ್ನಲ್ ಪದವಿಯವರೆಗೆ ಏರಿದರು.

ದಂಡಿನ ಡಾಕ್ಟರನಿಗೆ ಒಂದೂರು ಎಂಬುದಿಲ್ಲ. ಇಂದು ತಮಿಳುನಾಡು, ನಾಳೆ ಅಯೋಧ್ಯಾ ಪ್ರಾಂತ, ನಾಡಿದ್ದು ಅಸ್ಸಾಮು, ಬರ್ಮಾ. ಇತರ ಅಧಿಕಾರಿಗಳಿಗೆ ಬೇಸರ ತರಿಸುತ್ತಿದ್ದ ಈ ವರ್ಗಾವರ್ಗಿ ವಾಲ್ ಅವರಿಗೆ ವರವಾಯಿತು. ಹೋದಲ್ಲೆಲ್ಲ ಅವರು ಮಾಡುತ್ತಿದ್ದ ಕೆಲಸ ಒಂದೇ: ಆ ಊರಿನಲ್ಲಿ ಯಾವ ಯಾವ ಹಾವುಗಳಿವೆ, ಎಷ್ಟೆಷ್ಟಿವೆ, ಏನು ತಿನ್ನುತ್ತವೆ, ಯಾವ ತಿಂಗಳಲ್ಲಿ ಮೊಟ್ಟೆ ಇಡುತ್ತವೆ ಎಂಬುದನ್ನು ಬರೆದಿಡುವುದು. ಸಂಬಳ ಬಂದದ್ದು ರೋಗಿಗಳನ್ನು ನೋಡಿದ್ದಕ್ಕೆ. ಹಾವಿನ ಕೆಲಸವೆಲ್ಲ ಬಿಡುವಿನ ವೇಳೆಯದು.

1903ರ ನವೆಂಬರ್ 5ರಿಂದ 1904ರ ಆಗಸ್ಟ್ 5ರ ವರೆಗೆ, ಸರಿಯಾಗಿ ಒಂಬತ್ತು ತಿಂಗಳು, ಅವರು ಹಾವು ಸಂಗ್ರಹಿಸಿದ್ದು ಕಣ್ಣಾನೂರಿನಲ್ಲಿ. ಆಗ ಅದು ಮಲಬಾರ್ ಜಿಲ್ಲೆಯ ದಂಡಿನ ಊರು. ನಮ್ಮ ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿತ್ತು. ಎರಡೂ ಮದರಾಸು ಆಧಿಪತ್ಯದ ಒಳಗೇ. ಆ ಒಂಬತ್ತು ತಿಂಗಳ ಟಿಪ್ಪಣಿಗಳು 1905ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದವು. ಇಪ್ಪತ್ತು ಚಿಲ್ಲರೆ ಪುಟಗಳ ಆ ಲೇಖನವನ್ನು ಕಣ್ಣಾನೂರಿನ ಲೇಖನವೆಂದು ಕರೆದರೂ ಅದು ನಮ್ಮದೂ ಹೌದು. ಅಲ್ಲಿನ ತೆಂಗು, ಗದ್ದೆ, ಮುರಕಲ್ಲಿನ ಗುಡ್ಡಗಳೇ ಇಲ್ಲಿಯೂ ಮುಂದುವರಿಯುತ್ತವೆ. ಜಿಲ್ಲೆಯ ಗಡಿ ಹಾವಿಗೆ ತಿಳಿಯದು. ಬೇಸಗೆಯೂ ಮಳೆಗಾಲವೂ ಸೇರಿದ ಆ ಅವಧಿಯನ್ನು ತಾರೀಖು ಸಹಿತ ತಲೆಬರಹದಲ್ಲೇ ಕೊಟ್ಟದ್ದು ವಾಲ್ ಅವರ ಸ್ವಭಾವಕ್ಕೆ ತಕ್ಕುದಾಗಿದೆ. ಮುಂದೆ 1919ರಲ್ಲಿ ನೀಲಗಿರಿ ಹಾಗೂ ಅದರ ಮಗ್ಗುಲಿನ ವಯನಾಡಿನ ಹಾವುಗಳ ಮೇಲೂ ಅವರು ದೀರ್ಘವಾಗಿ ಬರೆದರು. ಹೀಗೆ ಗಡಿನಾಡಿನ ಕನ್ನಡಿಗರು ನೆಲೆಸಿರುವ ಎರಡು ಮೂರು ಸೀಮೆಗಳ ಹಾವಿನ ಲೆಕ್ಕ ಒಬ್ಬನೇ ಡಾಕ್ಟರನ ಪುಸ್ತಕದಲ್ಲಿ ಸೇರಿಕೊಂಡಿದೆ.

ಅವರ ರೀತಿಯನ್ನು ಸ್ವಲ್ಪ ವಿವರಿಸಬೇಕು. ಸತ್ತ ಹಾವು ಬಂದರೆ ಅಳತೆ ಹಿಡಿಯುವುದು, ಮೈಯ ಸುತ್ತ ಎಷ್ಟು ಸಾಲು ಹುರುಪೆಗಳಿವೆಯೆಂದು ಕತ್ತಿನ ಹಿಂದೆ, ನಡುವಿನಲ್ಲಿ, ಬಾಲದ ಮುಂದೆ ಬೇರೆ ಬೇರೆಯಾಗಿ ಎಣಿಸುವುದು, ಹೊಟ್ಟೆ ಸೀಳಿ ಅದು ಕೊನೆಯ ಬಾರಿ ಏನನ್ನು ನುಂಗಿತ್ತೆಂದು ನೋಡುವುದು, ಹೆಣ್ಣಾದರೆ ಮೊಟ್ಟೆಗಳನ್ನು ಲೆಕ್ಕ ಮಾಡುವುದು, ತಲೆಬುರುಡೆಯನ್ನು ಬಿಡಿಸಿ ಹಲ್ಲೆಣಿಸುವುದು. ಜೀವಂತ ಹಾವುಗಳನ್ನೂ ಇರಿಸಿಕೊಂಡು ಅವುಗಳ ಊಟ, ಪೊರೆ ಕಳಚುವುದು, ಸಿಟ್ಟು, ಸಾಧುತನಗಳನ್ನು ಗಮನಿಸುತ್ತಿದ್ದರು. ಹೆಬ್ಬಾವಿನಿಂದ ಹಿಡಿದು ಎರೆಹುಳದಂತಿರುವ ಕುರುಡು ಹಾವಿನವರೆಗೆ ಅವರಿಗೆ ಬೇಡವಾದದ್ದಿಲ್ಲ. ಅಪೂರ್ವವಾದದ್ದನ್ನು ಹುಡುಕುವ ಚಪಲ ಎಲ್ಲ ಸಂಗ್ರಾಹಕರಿಗೂ ಇರುತ್ತದೆ. ಕೇರೆಹಾವನ್ನೂ ನೀರೊಳ್ಳೆಯನ್ನೂ ನೂರನೆಯ ಸಲ ಅದೇ ಶ್ರದ್ಧೆಯಿಂದ ಅಳೆಯುವವರು ವಿರಳ. ವಾಲ್ ಅಂಥವರಲ್ಲೊಬ್ಬರು.

1905ರಿಂದ 1919ರ ತನಕ ಅದೇ ಪತ್ರಿಕೆಯಲ್ಲಿ ಅವರು ಭಾರತದ ಸಾಮಾನ್ಯ ಹಾವುಗಳ ಬಗ್ಗೆ ಜನರಿಗೆ ತಿಳಿಯುವ ಹಾಗೆ ಒಂದು ಮಾಲೆ ಬರೆದರು. ಬಣ್ಣದ ಚಿತ್ರಗಳಿಂದ ಕೂಡಿದ ಆ ಮಾಲೆಯ ಪ್ರತಿ ಕಂತಿನಲ್ಲೂ ಹಾವಿನ ಶಾಸ್ತ್ರೀಯ ನಾಮದೊಡನೆ ದೇಶಭಾಷೆಯ ಹೆಸರುಗಳಿಗೂ ಜಾಗವಿದೆ. ನಮಗೆ ಇದು ಬಲು ಮುಖ್ಯವಾಗಿ ತೋರುತ್ತದೆ. ನಮ್ಮೂರಿನಲ್ಲಿ ಕನ್ನಡದವನ ಕೇರೆ ಮಲೆಯಾಳಿಗೆ ಚೇರ. ನಮ್ಮ ಕಟ್ಟುಹಾವು ಅವರ ವೆಳ್ಳಿಕ್ಕೆಟ್ಟನ್. ನಮ್ಮ ಕೊಳಕುಮಂಡಲ ಅವರ ಅಣಲಿ. ಹೆಸರು ಬೇರೆಯಾದರೆ ಚಿಂತೆಯಿಲ್ಲ. ಒಂದೇ ಹೆಸರನ್ನು ಒಂದು ಗ್ರಾಮದವರು ಒಂದು ಹಾವಿಗೂ ಪಕ್ಕದ ಗ್ರಾಮದವರು ಇನ್ನೊಂದಕ್ಕೂ ಇಟ್ಟುಕೊಂಡಿರುವಾಗಲೇ ಕಷ್ಟ ಬರುವುದು. ಬಣ್ಣವನ್ನು ನಂಬಿದರೂ ಇದೇ ಗತಿ; ಒಂದೇ ಜಾತಿಯಲ್ಲಿ ಬಣ್ಣ ಹತ್ತು ತೆರನಾಗಿರುತ್ತದೆ.

ಇದಕ್ಕೆ ಉತ್ತರವಾಗಿ ಬಂದದ್ದು 1907ರ ಅವರ ಪುಸ್ತಕ, ನಾವು ಮೊದಲಿಗೇ ಹೇಳಿದ್ದು. ನೆಲದ ಮೇಲಿನ ವಿಷದ ಹಾವುಗಳನ್ನು ಗುರುತಿಸುವ ಬಗೆಯನ್ನು ಅದು ಹುರುಪೆಗಳ ಆಧಾರದಿಂದ ತಿಳಿಸುತ್ತದೆ. ಹೊಟ್ಟೆಯ ಫಲಕಗಳು ಈ ಬದಿಯಿಂದ ಆ ಬದಿಯವರೆಗೆ ಅಗಲವಾಗಿದ್ದು, ತಲೆಯ ಮೇಲೆಲ್ಲ ಸಣ್ಣ ಹುರುಪೆಗಳೇ ತುಂಬಿದ್ದರೆ ಅದು ಮಂಡಲದ ಜಾತಿ. ಕಣ್ಣಿಗೂ ಮೂಗಿಗೂ ನಡುವೆ ಒಂದು ಕುಳಿಯಿದ್ದರೆ ಕುಳಿಮಂಡಲ. ಮೇಲ್ದುಟಿಯ ಮೂರನೆಯ ಹುರುಪೆ ದೊಡ್ಡದಾಗಿ ಬೆಳೆದು ಒಂದು ಕಡೆ ಮೂಗಿನ ಹುರುಪೆಯನ್ನೂ ಇನ್ನೊಂದು ಕಡೆ ಕಣ್ಣನ್ನೂ ಮುಟ್ಟಿದರೆ ನಾಗರವೋ ಕಾಳಿಂಗವೋ ಹವಳದ ಹಾವೋ ಆಗಬೇಕು. ಬೆನ್ನ ನಡುವಿನ ಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವಾಗಿ ಆರು ಮೂಲೆಯವಾಗಿದ್ದು, ಕೆಳದುಟಿಯ ನಾಲ್ಕನೆಯ ಹುರುಪೆ ಉಳಿದವಕ್ಕಿಂತ ದೊಡ್ಡದಾಗಿದ್ದರೆ ಕಟ್ಟುಹಾವು. ತೋಳಹಾವಿಗೆ ಬೆನ್ನ ಮೇಲಿನ ಆ ದೊಡ್ಡ ಸಾಲಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವರು ಈ ಲಕ್ಷಣಗಳನ್ನು ಬಾಯಿಪಾಠ ಮಾಡಿದ್ದಾರು. ಆದರೆ ಅದರ ಹಿಂದಿರುವ ಕಣ್ಣಾನೂರಿನ ಡಾಕ್ಟರನ ಹೆಸರನ್ನು ಅವರಿಗೆ ಯಾರೂ ಹೇಳಿರಲಾರರು.

ಇದೆಲ್ಲ ಸತ್ತ ಹಾವನ್ನು ಕೈಯಲ್ಲಿ ಹಿಡಿದು ನೋಡುವ ಕ್ರಮವೆಂಬುದನ್ನು ಓದುಗರು ಮರೆಯಬಾರದು. ಸತ್ತದ್ದಾದರೂ ಜೋಕೆ, ಕಡಿದು ಬಿದ್ದ ತಲೆ ಕೂಡ ಕಚ್ಚಬಲ್ಲುದು.

ಹುರುಪೆ ಎಣಿಸುವುದರಿಂದ ಏನು ಲಾಭವೆಂದು ಕೇಳುವವರಿಗೆ ಆ ಕಾಲದ ಸ್ಥಿತಿಯನ್ನು ತಿಳಿಸಬೇಕು. 1895ರ ಸುಮಾರಿಗೆ ಫ್ರಾನ್ಸಿನ ಕಾಲ್ಮೆಟ್ ಅವರು ಕುದುರೆಯ ರಕ್ತದಿಂದ ಹಾವಿನ ವಿಷಕ್ಕೆ ಮದ್ದು ತೆಗೆದಿದ್ದರು. ನಾಗರದ ವಿಷದ ಮೇಲೆ ತಯಾರಾದ ಆ ಮದ್ದು ಕೊಳಕುಮಂಡಲದ ವಿಷಕ್ಕೆ ತಾಗುವುದಿಲ್ಲವೆಂದು ಭಾರತದಲ್ಲಿ ನಡೆದ ಪ್ರಯೋಗಗಳಿಂದ ಸ್ಪಷ್ಟವಾಯಿತು. ಹಾಗಾದರೆ ಕಚ್ಚಿದ್ದು ಯಾವುದೆಂದು ಮೊದಲು ತಿಳಿಯಬೇಡವೆ? ಇನ್ನೊಂದು ಮಾತೂ ಉಂಟು. ನಮ್ಮ ನಾಡಿನ ಬಹುಪಾಲು ಹಾವುಗಳಿಗೆ ಮನುಷ್ಯನನ್ನು ಕೊಲ್ಲುವ ವಿಷವಿಲ್ಲ. ನೀರೊಳ್ಳೆ ಕಚ್ಚಿದವನಿಗೆ ಬೇರು ಅರೆದು ಕುಡಿಸಿದರೂ, ಕಲ್ಲು ಅಂಟಿಸಿದರೂ, ಮಂತ್ರ ಹಾಕಿದರೂ ಅವನು ಬದುಕುತ್ತಾನೆ. ಕೀರ್ತಿ ಬೇರಿಗೆ ಹೋಗುತ್ತದೆ. ಮರುದಿನ ಕಟ್ಟುಹಾವು ಕಚ್ಚಿದವನಿಗೂ ಅದೇ ಬೇರು. ಹಾವನ್ನು ಗುರುತಿಸದೆ ಮದ್ದಿನ ಯೋಗ್ಯತೆಯನ್ನು ಅಳೆಯುವುದು ಸಾಧ್ಯವೇ ಇರಲಿಲ್ಲ. ಹಾವು ಕೊಂದು ತಂದವರಿಗೆ ಸರಕಾರ ಇನಾಮು ಕೊಡುತ್ತಿದ್ದ ಕಾಲವೂ ಅದೇ. ಕಚೇರಿಯಲ್ಲಿ ಎಣಿಸುವವನಿಗೆ ಹಾವಿನ ಜಾತಿ ತಿಳಿಯದಿದ್ದರೆ ಆ ಇನಾಮು ಎಷ್ಟು ಬಡ ಕೇರೆಗಳ ಮೇಲೆ ಹೋಗಿರಬಹುದೆಂದು ಊಹಿಸಬಹುದು.

ವೈದ್ಯ ಈಗ ಬೇರೆ ಹಾದಿ ಹಿಡಿದಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಸೇರಿ ಒಂದೇ ಮದ್ದು ಇದೆ. ಹಾವನ್ನು ಹೊಡೆದು ತರುತ್ತ ಹೊತ್ತು ಕಳೆಯಬೇಡಿರಿ, ರೋಗಿಯನ್ನು ತನ್ನಿರಿ ಎನ್ನುತ್ತಾರೆ ಡಾಕ್ಟರರು. ಗಾಜಿನ ನಳಿಗೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟುವುದೋ ಇಲ್ಲವೋ ನೋಡುವುದು, ರೆಪ್ಪೆ ಜೋಲುತ್ತಿದೆಯೋ ಎಂದು ಗಮನಿಸುವುದು, ಇವುಗಳಿಂದ ವಿಷದ ತರವನ್ನು ತಿಳಿಯುತ್ತಾರೆ. ಅಷ್ಟಾಗಿಯೂ 2000ದಿಂದ 2019ರ ವರೆಗಿನ ಅವಧಿಯಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತರೆಂಬ ಅಂದಾಜು 2020ರಲ್ಲಿ ಹೊರಬಂತು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ನಮ್ಮ ತೋಟಗಳಲ್ಲಿರುವ ಕುಳಿಮಂಡಲದ ಒಂದು ಜಾತಿ ಕಚ್ಚಿದರೆ ಮೂತ್ರಪಿಂಡ ಕೆಡಬಹುದು, ಈ ನಾಲ್ಕರ ಮದ್ದು ಅದಕ್ಕೆ ಹತ್ತುವುದಿಲ್ಲ ಎಂಬುದೂ ಕೇರಳದಲ್ಲಿ ಈಚೆಗೆ ಗೊತ್ತಾದ ಸಂಗತಿ. ಯಾವ ಊರಿನಲ್ಲಿ ಯಾವ ಹಾವು ಎಂಬ ಹಳೆಯ ಪ್ರಶ್ನೆ ಆದ್ದರಿಂದ ಇನ್ನೂ ಮುಗಿದಿಲ್ಲ.

ಕಡಲ ಕರೆಯ ನಮ್ಮವರು ವಾಲ್ ಅವರ ಇನ್ನೊಂದು ಕೃತಿಯನ್ನೂ ತಿಳಿದಿರಬೇಕು. 1909ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿ ಪ್ರಕಟಿಸಿದ ಅವರ ಗ್ರಂಥ ಕಡಲ ಹಾವುಗಳನ್ನು ಕುರಿತದ್ದು. ಬಲೆಯಲ್ಲಿ ಮೀನಿನೊಡನೆ ಬರುವ, ಹುಟ್ಟಿನಂತೆ ಚಪ್ಪಟೆ ಬಾಲದ ಈ ಹಾವುಗಳು ವಿಷಯುಕ್ತ; ಅವನ್ನು ಬಾಲ ಹಿಡಿದು ದೂರ ಎಸೆಯುವ ಧೈರ್ಯವನ್ನು ನಾವು ಹಲವು ಸಲ ಕಂಡು ಬೆರಗಾಗಿದ್ದೇವೆ. ತಾನು ಹುಟ್ಟಿದ ದ್ವೀಪದ ಋಣವನ್ನು ವಾಲ್ 1921ರಲ್ಲಿ ತೀರಿಸಿದರು. ಸಿಂಹಳದ ಹಾವುಗಳ ಮೇಲೆ ಅವರು ಬರೆದ ಗ್ರಂಥ ಆರುನೂರು ಪುಟಗಳ ಹತ್ತಿರವಿದೆ. ಎಲ್ಲ ಕೂಡಿ ಅವರ ಲೇಖನಗಳು ಇನ್ನೂರನ್ನು ದಾಟುತ್ತವೆ.

ದೋಷಗಳಿರಲಿಲ್ಲವೆಂದಲ್ಲ. ಒಂದೆರಡು ಹುರುಪೆಯ ವ್ಯತ್ಯಾಸ ಕಂಡರೆ ಹೊಸ ಜಾತಿಯೆಂದು ಹೆಸರಿಡುವ ಅವಸರ ಅವರಲ್ಲಿತ್ತು. ಅಂಥ ಹಲವು ಹೆಸರುಗಳು ಮುಂದೆ ಬಿದ್ದುಹೋದವು. 1907ರಲ್ಲಿ ಔಧ್ ಸೀಮೆಯ ಒಂದು ಕಟ್ಟುಹಾವನ್ನು ಅವರು ವರ್ಣಿಸಿದಾಗ ಅದಕ್ಕೆ ಬಂದ ಶಾಸ್ತ್ರೀಯ ನಾಮದಲ್ಲಿರುವುದು ವಾಲ್ ಎಂಬ ಹೆಸರೇ! ಇದನ್ನು ಓದಿದಾಗ ನಮಗೆ ನಗು ತಡೆಯಲಾಗಲಿಲ್ಲ. ಮರುವರ್ಷ ಅವರು ಹೆಸರಿಟ್ಟ ಪೂರ್ವ ಹಿಮಾಲಯದ ಕಪ್ಪು ಕಟ್ಟುಹಾವು ಮಾತ್ರ ಇಂದಿಗೂ ಪ್ರತ್ಯೇಕ ಜಾತಿಯಾಗಿ ನಿಂತಿದೆ. ಇನ್ನು, ಅವರ ಲೆಕ್ಕದ ಪುಸ್ತಕಕ್ಕೆ ಸೇರಲು ಎಷ್ಟು ಹಾವುಗಳು ಸಾಯಬೇಕಾಯಿತೆಂಬುದೂ ಇಂದಿನವರಿಗೆ ಚುಚ್ಚದಿರದು. ನಾಗಬನದಲ್ಲಿ ತಂಬಿಲ ಕೊಟ್ಟು ಮರುದಿನ ಹಿತ್ತಿಲಲ್ಲಿ ಕೇರೆಯನ್ನು ಬಡಿಯುವ ನಾವು ಈ ವಿಷಯದಲ್ಲಿ ಹೆಚ್ಚು ಮಾತಾಡದಿರುವುದೇ ಲೇಸು.

ಆ ಕಾಲದಲ್ಲಿ ಹವ್ಯಾಸಿಯೊಬ್ಬನು ಮನೆಯಲ್ಲಿ ಹಾವು ಸಾಕುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. 1972ರ ವನ್ಯಜೀವಿ ಕಾನೂನು ಬಂದ ಮೇಲೆ ನಮ್ಮ ನಾಡಿನ ಹಾವನ್ನು ಹಿಡಿದಿಡುವುದೂ ಕೊಲ್ಲುವುದೂ ಅಪರಾಧ. ಕೇರಳದ ಅರಣ್ಯ ಇಲಾಖೆ ಈಚಿನ ವರ್ಷಗಳಲ್ಲಿ ತರಬೇತಿ ಕೊಟ್ಟು ಪರವಾನಗಿ ಪಡೆದವರಿಗೆ ಮಾತ್ರ ಹಾವು ಹಿಡಿಯಲು ಬಿಡುತ್ತದೆ. ಮನೆಗೆ ಬಂದ ಹಾವನ್ನು ಅವರೇ ಹಿಡಿದು ದೂರ ಬಿಡುತ್ತಾರೆ. ನೋಡುವುದಕ್ಕೆ ಅಡ್ಡಿಯಿಲ್ಲ. ದೂರದಿಂದ ನೋಡಿ, ತಾರೀಖು, ಜಾಗ, ಹೊತ್ತು ಬರೆದಿಟ್ಟುಕೊಂಡರೆ ವಾಲ್ ಅವರ ಕೆಲಸದ ಅರ್ಧ ಪಾಲನ್ನು ಇಂದಿಗೂ ಯಾರೂ ಮಾಡಬಹುದು.

1925ರಲ್ಲಿ ನಿವೃತ್ತರಾದ ವಾಲ್ ಇಂಗ್ಲೆಂಡಿಗೆ ಹೋದರು. ಅವರ ವಿಷದ ಹಾವಿನ ಪುಸ್ತಕದ ನಾಲ್ಕನೆಯ ಮುದ್ರಣ 1928ರಲ್ಲಿ ಬಂತು. 1943ರಲ್ಲಿ ಮಾಲ್ಕಮ್ ಸ್ಮಿತ್ ಅವರು ಭಾರತದ ಹಾವುಗಳ ಮಹಾಗ್ರಂಥ ಬರೆದಾಗ ಹಾವಿನ ನಡೆನುಡಿ, ಆಹಾರ, ಸಂತತಿಗಳ ವಿಷಯದಲ್ಲಿ ಪುಟಪುಟಕ್ಕೂ ಆಸರೆಯಾದದ್ದು ವಾಲ್ ಅವರ ಟಿಪ್ಪಣಿಗಳೇ. 1950ರ ಮೇ 19ರಂದು, ಬೋರ್ನ್‌ಮತ್ ಎಂಬ ಕಡಲೂರಿನಲ್ಲಿ, 82ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಹಿಡಿಸಿದ ಹಾವುಗಳಲ್ಲಿ ಅನೇಕವು ಲಂಡನಿನ ವಸ್ತುಸಂಗ್ರಹಾಲಯದಲ್ಲಿವೆ.